ಬಾನಿನ ಕ್ಯಾಮೆರಾಕ್ಕೊಂದು ಅರ್ಜಿ

ತುಮಕೂರು ಕಡೆಯ ಒಂದು ಊರಿನಲ್ಲಿ ಕೆರೆಯಂಗಳಕ್ಕೆ ಅಡಿಕೆ ಸಸಿ ಇಟ್ಟವರಿಗೂ ಕೆರೆ ಸಂಘದವರಿಗೂ ವರ್ಷಗಟ್ಟಲೆ ತಕರಾರು. ಬಹಳ ಕಾಲದ ಮೇಲೆ ಆ ಸಲ ಕೆರೆ ಕೋಡಿ ಬಿದ್ದಿತ್ತು. ನೀರು ತುಂಬಿ ನಿಂತಿರುವ ಈ ಹೊತ್ತಿನಲ್ಲೇ ಮೇಲಿಂದ ಒಂದು ಫೋಟೊ ತೆಗೆಸಿಬಿಟ್ಟರೆ ಅಂಗಳ ಎಲ್ಲಿಯವರೆಗೆ ಎನ್ನುವ ಜಗಳವೇ ತೀರುತ್ತದೆ ಎಂದು ಸಂಘದವರಿಗೆ ಅನ್ನಿಸಿತು. ಡ್ರೋನ್ ಹಾರಿಸಲು ಎದುರು ಪಾರ್ಟಿ ಬಿಡುವಂತಿರಲಿಲ್ಲ. ಕಂಪ್ಯೂಟರ್ ಗೊತ್ತಿದ್ದವನು ಎಂಬ ಒಂದೇ ಅರ್ಹತೆಯ ಮೇಲೆ ಕೆಲಸ ನನ್ನ ತಲೆಗೆ ಬಂತು.

ಉಪಗ್ರಹ ಚಿತ್ರ ಮಾರುವ ಖಾಸಗಿ ಕಂಪನಿಯೊಂದರ ಪುಟ ತೆರೆದು ಕೂತೆ. ನಕ್ಷೆಯ ಮೇಲೆ ಕೆರೆಯ ಸುತ್ತ ಗೆರೆ ಎಳೆಯಬೇಕು. ಯಾವ ದಿನದಿಂದ ಯಾವ ದಿನದೊಳಗೆ ಎಂದು ತುಂಬಬೇಕು. ಕ್ಯಾಮೆರಾ ಎಷ್ಟು ಡಿಗ್ರಿ ಓರೆಯಾದರೆ ಪರವಾಗಿಲ್ಲ, ಮೋಡ ಎಷ್ಟು ಪರ್ಸೆಂಟ್ ಇದ್ದರೆ ಸಹಿಸುತ್ತೀರಿ ಎಂದು ಹೇಳಬೇಕು. ನಮ್ಮ ಕೆರೆ ಎರಡು ಚದರ ಕಿ.ಮೀ. ಕೂಡ ಇಲ್ಲ, ಆದರೆ ಹೊಸದಾಗಿ ತೆಗೆಸುವುದಾದರೆ ಕನಿಷ್ಠ 100 ಚದರ ಕಿ.ಮೀ. ಕೊಳ್ಳಲೇಬೇಕು. ಮೋಡ 15 ಪರ್ಸೆಂಟ್ ಒಳಗೆ ಎಂದು ಒಪ್ಪಿ, ಚಂದಾ ಎತ್ತಿದ ದುಡ್ಡು ಕಟ್ಟಿದೆವು. ಅಲ್ಲಿಂದ ಮುಂದೆ ಯಾವ ಮನುಷ್ಯನೂ ನಮ್ಮೊಂದಿಗೆ ಮಾತಾಡಲಿಲ್ಲ. ಅರ್ಜಿ ಸ್ವೀಕೃತ, ಸರದಿಯಲ್ಲಿದೆ, ಪ್ರಯತ್ನಿಸಲಾಗಿದೆ, ವಿಫಲ, ಮತ್ತೆ ಸರದಿಯಲ್ಲಿದೆ ಎಂದು ಯಂತ್ರ ತಾನೇ ಮೇಲ್ ಕಳಿಸುತ್ತ ಹೋಯಿತು. ಮೂರನೆಯ ವಾರ ಚಿತ್ರ ಬಂತು. ಅಕ್ಕಪಕ್ಕದ ಊರುಗಳು, ತೋಟದ ಸಾಲು, ರಸ್ತೆಯಲ್ಲಿ ನಿಂತ ಲಾರಿ, ಎಲ್ಲ ಕನ್ನಡಿಯಲ್ಲಿ ಕಂಡಂತೆ. ಕೆರೆಯ ಪೂರ್ವದ ಅಂಚಿನ ಮೇಲೆ ಮಾತ್ರ ಹತ್ತಿಯ ಉಂಡೆಯಂತೆ ಒಂದು ಮೋಡ ಕೂತಿತ್ತು. ತಕರಾರು ಇದ್ದದ್ದು ಆ ಅಂಚಿನದೇ. ಫೋನ್ ಮಾಡಿದರೆ, ‘ಸಾರ್, ಟೋಟಲ್ ಕ್ಲೌಡ್ ಹನ್ನೊಂದು ಪರ್ಸೆಂಟ್ ಬಂದಿದೆ, ಲಿಮಿಟ್ ಒಳಗೇ ಇದೆಯಲ್ಲ’ ಎಂದರು. ಸಂಘದ ಹಿರಿಯರೊಬ್ಬರು ಪರದೆಯನ್ನು ಬಹಳ ಹೊತ್ತು ನೋಡಿ, ‘ಮೋಡ ನೋಡಾಕೆ ದುಡ್ ಯಾಕ್ ಕೊಡ್ಬೇಕಿತ್ತು ಸಾ, ತಲೆ ಎತ್ತಿದ್ರೆ ಸಾಕಿತ್ತಲ್ಲ’ ಎಂದರು.

ಹೀಗೆ ಬಾನಿನ ಕ್ಯಾಮೆರಾಕ್ಕೆ ‘ಇಲ್ಲೊಮ್ಮೆ ನೋಡು’ ಎಂದು ಹೇಳುವುದನ್ನು ಈ ಕಸುಬಿನವರು ಟಾಸ್ಕಿಂಗ್ ಎನ್ನುತ್ತಾರೆ. ಅರ್ಜಿ ಕೊಡುವುದು ನಾವು. ಯಾರ ಅರ್ಜಿ ಇವತ್ತು, ಯಾರದ್ದು ನಾಳೆ, ಯಾರದ್ದು ಎಂದೂ ಇಲ್ಲ ಎಂದು ತೀರ್ಮಾನಿಸುವುದು ಈಗ ಬಹುಮಟ್ಟಿಗೆ ತಂತ್ರಾಂಶ. ಆ ತೀರ್ಮಾನದ ಒಳಗುಟ್ಟೇನು, ಅದು ಎಲ್ಲಿಂದ ಬಂತು, ಅದರಲ್ಲಿ ನಮ್ಮಂಥವರ ಪಾಲೆಷ್ಟು ಎಂದು ಹುಡುಕುವ ಹುಚ್ಚು ನನಗೆ ಹತ್ತಿದ್ದು ಆ ಮೋಡದಿಂದಲೇ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ಬೀದರ್‌ನಿಂದ ಚಾಮರಾಜನಗರದವರೆಗೆ ಉದ್ದಕ್ಕೆ ಸುಮಾರು 750 ಕಿ.ಮೀ. ಭೂವೀಕ್ಷಣೆಯ ಉಪಗ್ರಹ ನೆಲದ ಲೆಕ್ಕದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 7 ಕಿ.ಮೀ. ಓಡುತ್ತದೆ. ಇಡೀ ರಾಜ್ಯವನ್ನು ದಾಟಲು ಅದಕ್ಕೆ ಎರಡು ನಿಮಿಷ ಸಾಕು. ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು ನೂರು ನಿಮಿಷ. ಅಷ್ಟರಲ್ಲಿ ಭೂಮಿ 25 ಡಿಗ್ರಿ ತಿರುಗಿರುತ್ತದೆ. ಮುಂದಿನ ಸುತ್ತಿಗೆ ಕೆಳಗೆ ಕರ್ನಾಟಕ ಇರುವುದಿಲ್ಲ, ಅರಬ್ಬರ ಮರಳುಗಾಡಿರುತ್ತದೆ. ಹಾಗಾಗಿ ಹಗಲಿನಲ್ಲಿ ನಮಗೆ ಸಿಗುವುದು ಆ ಎರಡು ನಿಮಿಷ ಮಾತ್ರ, ಅದೂ ದಿನಾ ಅಲ್ಲ. ಚುರುಕುಗಣ್ಣಿನ ಕ್ಯಾಮೆರಾ ಒಮ್ಮೆಗೆ ನೋಡುವ ಪಟ್ಟಿಯ ಅಗಲವೂ ಕಡಿಮೆ. ಫ್ರಾನ್ಸಿನ ಪ್ಲೆಯಾಡ್ ಉಪಗ್ರಹದ್ದು 20 ಕಿ.ಮೀ., ನಮ್ಮ ಕಾರ್ಟೊಸ್ಯಾಟ್-3ರದ್ದು 16. ತುಮಕೂರಿನ ಕೆರೆ ನೋಡಲು ತಿರುಗಿದರೆ ಅದೇ ಗಳಿಗೆಯಲ್ಲಿ ಹಾಸನದ ಆಲೂಗಡ್ಡೆ ಹೊಲ ಬಿಟ್ಟುಹೋಯಿತು ಎಂದೇ ಅರ್ಥ.

ಮದುವೆ ಸೀಸನ್ನಿನಲ್ಲಿ ಊರಿಗೆಲ್ಲ ಒಬ್ಬನೇ ಫೋಟೊ ಸ್ಟುಡಿಯೋದವನಿದ್ದರೆ ಅವನ ಪಾಡು ಏನಾಗುತ್ತದೋ ಇದೂ ಹಾಗೆಯೇ. ಒಂದೇ ದಿನ ಒಂಬತ್ತು ಮದುವೆ, ಎಲ್ಲಕ್ಕೂ ಮುಹೂರ್ತ ಹತ್ತೂವರೆ. ಅಂದಹಾಗೆ ಇದು ಬರೀ ಹೋಲಿಕೆಗೆ ಹೇಳಿದ ಹೊತ್ತೂ ಅಲ್ಲ: ನೆರಳು ದಿನಾ ಒಂದೇ ಉದ್ದವಿರಲಿ ಎಂದು ಇಂಥ ಉಪಗ್ರಹಗಳಲ್ಲಿ ಅನೇಕವನ್ನು ಸ್ಥಳೀಯ ಕಾಲಮಾನದಲ್ಲಿ ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಹಾಯುವಂತೆಯೇ ಕಕ್ಷೆಯಲ್ಲಿ ಕೂರಿಸಿರುತ್ತಾರೆ. ಫೋಟೊದವನು ಒಂದು ಛತ್ರದಿಂದ ಇನ್ನೊಂದಕ್ಕೆ ಬೈಕಿನಲ್ಲಿ ಹೋಗಲು ಹೊತ್ತು ಬೇಕಲ್ಲ, ಹಾಗೆ ಉಪಗ್ರಹಕ್ಕೂ ಒಂದು ಗುರಿಯಿಂದ ಇನ್ನೊಂದಕ್ಕೆ ವಾಲಿ, ಅಲುಗಾಟ ನಿಂತು ಸ್ಥಿರವಾಗಲು ಕೆಲವು ಸೆಕೆಂಡು ಬೇಕು; ಒಂದೊಂದು ಸೆಕೆಂಡಿಗೂ 7 ಕಿ.ಮೀ. ಹೋಯಿತು. ಅವನ ಮೆಮೊರಿ ಕಾರ್ಡ್ ತುಂಬುವಂತೆ ಇದರದ್ದೂ ತುಂಬುತ್ತದೆ. ಖಾಲಿ ಮಾಡಲು ಯಾವುದಾದರೂ ಭೂಕೇಂದ್ರದ ಮೇಲೆ ಹಾಯಬೇಕು, ಅಲ್ಲಿ ಸಿಗುವುದು ಹತ್ತು ನಿಮಿಷದ ಅವಕಾಶ. ಬ್ಯಾಟರಿಯ ಲೆಕ್ಕ ಬೇರೆ. ಇಷ್ಟೆಲ್ಲ ಸರಿಹೋಗಿ ಷಟರ್ ಒತ್ತುವ ಹೊತ್ತಿಗೆ ಮಂಟಪದ ಮುಂದೆ ಯಾರೋ ಅಡ್ಡ ನಿಂತರೆ? ಅದೇ ಮೋಡ.

ಆಕಾಶದ ಈ ಸರದಿ ಸಾಲು ಶುರುವಾದದ್ದು ಗೂಢಚರ್ಯೆಯಲ್ಲಿ. ಅಮೆರಿಕದ ಕೊರೋನಾ ಉಪಗ್ರಹಗಳು (ಹೆಸರು ನೋಡಿ ಗಾಬರಿ ಬೇಡ, ಇದು 1960ರ ಮಾತು) ಫಿಲ್ಮಿನ ಸುರುಳಿಯ ಮೇಲೆ ಸೋವಿಯತ್ ನೆಲದ ಚಿತ್ರ ತೆಗೆದು, ಆ ಸುರುಳಿಯನ್ನು ಡಬ್ಬಿಯಲ್ಲಿ ಹಾಕಿ ಕೆಳಕ್ಕೆ ಬಿಡುತ್ತಿದ್ದವು. ಪ್ಯಾರಾಚೂಟಿನಲ್ಲಿ ಇಳಿಯುವ ಡಬ್ಬಿಯನ್ನು ಪೆಸಿಫಿಕ್ ಸಾಗರದ ಮೇಲೆ ವಿಮಾನ ಗಾಳಿಯಲ್ಲೇ ಹಿಡಿಯುತ್ತಿತ್ತು. 1960ರ ಆಗಸ್ಟ್‌ನಲ್ಲಿ ಮೊದಲ ಸಲ ಹಾಗೆ ಹಿಡಿದರು. ಏನನ್ನು ತೆಗೆಯಬೇಕು ಎಂದು ಪಟ್ಟಿ ಮಾಡುವುದಕ್ಕೇ ಗುಪ್ತಚರ ಸಂಸ್ಥೆಗಳೆಲ್ಲ ಸೇರಿದ ಒಂದು ಸಮಿತಿ ಇತ್ತು. ಸೇನೆಗೆ ಕ್ಷಿಪಣಿ ನೆಲೆ ಬೇಕು, ನೌಕಾಪಡೆಗೆ ಬಂದರು ಬೇಕು, ಇನ್ನೊಬ್ಬರಿಗೆ ಕಾರ್ಖಾನೆ ಬೇಕು. ಫಿಲ್ಮ್ ಮಾತ್ರ ಅಳತೆಯದು. ಜಗಳವಾಡಿ ಪಟ್ಟಿ ಮುಗಿಸಿ ಕಳಿಸಿದರೆ ಡಬ್ಬಿಯಲ್ಲಿ ಮೋಡದ ಚಿತ್ರ ತುಂಬಿಕೊಂಡು ಬರುತ್ತಿತ್ತು. ಫಿಲ್ಮ್ ದಂಡವಾಗುವುದನ್ನು ತಪ್ಪಿಸಲೆಂದೇ ಅವರು ಗುಟ್ಟಾಗಿ ಬೇರೆ ಹವಾಮಾನ ಉಪಗ್ರಹಗಳನ್ನು ಹಾರಿಸಿದರು. ನಾಳೆ ಮಾಸ್ಕೋದ ಮೇಲೆ ಬಿಸಿಲಿದೆಯೇ ಎಂದು ಒಂದು ಉಪಗ್ರಹ ನೋಡುವುದು, ಆ ಮಾತಿನ ಮೇಲೆ ಇನ್ನೊಂದು ಕ್ಯಾಮೆರಾ ತೆರೆಯುವುದು. ಅರವತ್ತು ವರ್ಷ ಕಳೆದರೂ ಈ ಜೋಡಿಯಾಟ ಹಾಗೆಯೇ ಇದೆ.

1972ರ ಜುಲೈನಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ ಬೇರೆಯೇ ದಾರಿ ಹಿಡಿಯಿತು. ಅದರ ಕ್ಯಾಮೆರಾ ಅತ್ತಿತ್ತ ತಿರುಗುವುದಿಲ್ಲ. ನೇರ ಕೆಳಗೆ ನೋಡುತ್ತ ಸಾಗುತ್ತದೆ. ಈಗಿನ ಲ್ಯಾಂಡ್‌ಸ್ಯಾಟ್‌ಗಳು ಭೂಮಿಯನ್ನು 233 ಪಥಗಳಾಗಿ ಕೊಯ್ದುಕೊಂಡಿವೆ. ಬೆಂಗಳೂರು 144ನೆಯ ಪಥದ 51ನೆಯ ಸಾಲಿನಲ್ಲಿದೆ, 16 ದಿನಕ್ಕೊಮ್ಮೆ ಅದರ ಸರದಿ. ಕೇಳಿದರೂ ಕೇಳದಿದ್ದರೂ ಬರುವ ಅಂಚೆಯವನಂತೆ. ಆದರೆ ಎಂಬತ್ತರ ದಶಕದಲ್ಲಿ ಅಮೆರಿಕ ಸರಕಾರ ಇದನ್ನು ಒಂದು ಕಂಪನಿಯ ಕೈಗೆ ಕೊಟ್ಟಿತು. ಒಂದು ಚಿತ್ರಕ್ಕೆ 4,400 ಡಾಲರ್‌ವರೆಗೆ ಬೆಲೆಯಾಯಿತು. ಕೊಳ್ಳುವವರಿಲ್ಲದ ಜಾಗವನ್ನು ತೆಗೆಯುವುದೇಕೆ ಎಂಬುದು ವ್ಯಾಪಾರದ ನ್ಯಾಯ. ಅದರಂತೆ ಆ ಕಾಲದಲ್ಲಿ ಲೋಕದ ಎಷ್ಟೋ ಕಡೆಗಳ ಚಿತ್ರ ತೆಗೆಯದೆಯೇ ಬಿಟ್ಟರು. ಇವತ್ತು ಯಾರಾದರೂ ವಿದ್ಯಾರ್ಥಿ ಆಫ್ರಿಕದ ಒಂದು ಕಾಡಿನ ಐವತ್ತು ವರ್ಷದ ಕಥೆ ಬಿಡಿಸಲು ಕೂತರೆ ನಡುವೆ ಹಾಳೆ ಹರಿದಂತಿರುತ್ತದೆ. ಕೇಳಿದವರಿಗಷ್ಟೇ ತೆಗೆಯುತ್ತೇವೆ ಎಂಬ ನಿಯಮದ ಬೆಲೆ ಅದು.

1999ರಲ್ಲಿ ಲ್ಯಾಂಡ್‌ಸ್ಯಾಟ್-7 ಹಾರಿದಾಗ ಈ ತಪ್ಪನ್ನು ತಿದ್ದಿದ ಬಗೆ ನನಗೆ ಬಹಳ ಹಿಡಿಸಿತು. ದಿನಕ್ಕೆ 250 ಚಿತ್ರ ತೆಗೆಯುವ ಗುರಿ. ಯಾವ 250? ಯಾವ ನಾಡಿನಲ್ಲಿ ಯಾವ ತಿಂಗಳು ಹಸಿರು ಬದಲಾಗುತ್ತದೆ, ಎಲ್ಲಿ ಯಾವಾಗ ಮೋಡ ಕಡಿಮೆ ಎಂದು ವರ್ಷಗಳ ದಾಖಲೆಯಿಂದ ಲೆಕ್ಕ ಹಾಕಿ, ಆ ದಿನದ ಮೋಡದ ಮುನ್ಸೂಚನೆಯನ್ನೂ ಸೇರಿಸಿ ಕಂಪ್ಯೂಟರೇ ದಿನದಿನದ ಪಟ್ಟಿ ಮಾಡುತ್ತಿತ್ತು. ಅರ್ಜಿ ಹಾಕಲು ಗೊತ್ತಿಲ್ಲದ ಕಾಡಿನ ಪರವಾಗಿಯೂ ತಂತ್ರಾಂಶವೇ ಅರ್ಜಿ ಹಾಕಿದಂತೆ. 2008ರಲ್ಲಿ ಈ ಚಿತ್ರಗಳೆಲ್ಲ ಉಚಿತವಾದವು. ಯುರೋಪಿನ ಸೆಂಟಿನೆಲ್‌ಗಳು ಬಂದಮೇಲಂತೂ 10 ಮೀಟರ್ ಪಿಕ್ಸೆಲ್ಲಿನ ಚಿತ್ರ ಐದು ದಿನಕ್ಕೊಮ್ಮೆ, ಯಾರೂ ಕೇಳದೆ, ಕಾಸಿಲ್ಲದೆ ಸಿಗುತ್ತದೆ.

ಕೇಳಿದರೆ ತಿರುಗುವ ಕ್ಯಾಮೆರಾವನ್ನು ಪೇಟೆಗೆ ತಂದವರು ಫ್ರೆಂಚರು. 1986ರ ಫೆಬ್ರವರಿಯಲ್ಲಿ ಹಾರಿದ ಸ್ಪಾಟ್-1ರೊಳಗೆ ಪಕ್ಕಕ್ಕೆ 27 ಡಿಗ್ರಿಯವರೆಗೆ ಹೊರಳುವ ಕನ್ನಡಿ ಇತ್ತು. ಕನ್ನಡಿ ಹೊರಳಿಸಿದರೆ ತನ್ನ ದಾರಿಯ ಆಚೆಯ ಊರನ್ನೂ ನೋಡಬಹುದು. ಎರಡೇ ತಿಂಗಳಿಗೆ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಸೋವಿಯತ್ ಸರಕಾರ ಬಾಯಿ ಬಿಗಿಹಿಡಿದು ಕೂತಿದ್ದಾಗ ಕೆಲವೇ ದಿನಗಳಲ್ಲಿ ಸ್ಪಾಟ್ ತೆಗೆದ ಚಿತ್ರ ಲೋಕದ ಮುಂದೆ ಬಂತು. ಕೇಳಿದ ಕೂಡಲೇ ನೋಡಿ ಹೇಳಬಲ್ಲ ಕಣ್ಣಿನ ಬೆಲೆ ಪತ್ರಿಕೆಗಳಿಗೆ ತಿಳಿದದ್ದು ಆಗ.

ಕನ್ನಡಿ ಬಂದದ್ದೇ ಸಾಲು ಉದ್ದವಾಯಿತು. ನಾಳೆಯ ದಿನಕ್ಕೆ ನೂರಾರು ಕೋರಿಕೆ. ಒಂದನ್ನು ಒಪ್ಪಿಕೊಂಡರೆ ಪಕ್ಕದ ನಾಲ್ಕು ಸಾಯುತ್ತವೆ. ಪ್ರತಿ ಕೋರಿಕೆಗೂ ಒಂದು ತೂಕ ಕೊಟ್ಟು, ಒಂದಕ್ಕೊಂದು ಅಡ್ಡ ಬರದಂತೆ, ಮೆಮೊರಿ ಮೀರದಂತೆ, ಒಟ್ಟು ತೂಕ ಅತಿ ಹೆಚ್ಚಾಗುವ ಗುಂಪನ್ನು ಆರಿಸಬೇಕು. ಜಾತ್ರೆಗೆ ಹೊರಟವನು ಒಂದೇ ಚೀಲದಲ್ಲಿ ಏನೇನು ತುಂಬಿಕೊಳ್ಳಲಿ ಎಂದು ತಲೆ ಕೆಡಿಸಿಕೊಳ್ಳುವ ಲೆಕ್ಕವೇ ಇದು; ಗಣಿತದವರೂ ಇದನ್ನು ಚೀಲದ ಲೆಕ್ಕವೆಂದೇ ಕರೆಯುತ್ತಾರೆ. ಕೇಳಲು ಸಲೀಸು, ಆದರೆ ಕೋರಿಕೆಗಳು ಹೆಚ್ಚಿದಂತೆ ಆಯ್ಕೆಗಳ ಸಂಖ್ಯೆ ಎಷ್ಟು ಬೇಗ ಬೆಳೆಯುತ್ತದೆಂದರೆ ಎಲ್ಲವನ್ನೂ ಒಂದೊಂದಾಗಿ ನೋಡಿ ಮುಗಿಸುವುದು ಯಾವ ಕಂಪ್ಯೂಟರಿಗೂ ಆಗದು. ತುಲೂಸ್ ನಗರದ ಸಂಶೋಧಕರು ಸ್ಪಾಟ್-5ರ ದಿನಚರಿಯ ಲೆಕ್ಕಗಳನ್ನು ತೊಂಬತ್ತರ ದಶಕದ ಕೊನೆಗೆ ಎಲ್ಲರ ಮುಂದಿಟ್ಟು, ಬಿಡಿಸಿ ನೋಡೋಣ ಎಂದರು. 2001ರಲ್ಲಿ ವಾಸ್ಕ್ವೆಜ್ ಮತ್ತು ಹಾವ್ ಎಂಬಿಬ್ಬರು, ಒಂದು ಒಳ್ಳೆಯ ಉತ್ತರದಿಂದ ಹೊರಟು ಚೂರುಪಾರು ಬದಲಿಸುತ್ತ, ಆಗಲೇ ತುಳಿದ ದಾರಿಯನ್ನು ಸ್ವಲ್ಪ ಹೊತ್ತು ನಿಷೇಧಿಸುತ್ತ ಇನ್ನೂ ಒಳ್ಳೆಯದನ್ನು ಹುಡುಕುವ ವಿಧಾನದಿಂದ ಬಹಳ ಚೆನ್ನಾದ ಉತ್ತರಗಳನ್ನು ತೆಗೆದರು. ಆಮೇಲೆ ಬಂದ ಪ್ಲೆಯಾಡ್ ಉಪಗ್ರಹಗಳು ಕನ್ನಡಿ ಬಿಟ್ಟು ಇಡೀ ಮೈಯನ್ನೇ ಹಿಂದೆ ಮುಂದೆ ಅಕ್ಕಪಕ್ಕ ವಾಲಿಸಬಲ್ಲವು. ಒಂದೇ ಊರನ್ನು ಬರುವಾಗಲೂ ನೋಡಬಹುದು, ದಾಟಿದ ಮೇಲೂ ತಿರುಗಿ ನೋಡಬಹುದು. ಸ್ವಾತಂತ್ರ್ಯ ಹೆಚ್ಚಾಯಿತು, ಲೆಕ್ಕ ಇನ್ನಷ್ಟು ಕಗ್ಗಂಟಾಯಿತು.

ಆ ತುಲೂಸ್ ತಂಡದವರು ಎತ್ತಿದ ಇನ್ನೊಂದು ಪ್ರಶ್ನೆ ನನಗೆ ಗಣಿತಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉಪಗ್ರಹಕ್ಕೆ ದುಡ್ಡು ಹಾಕಿದವರು ಹಲವರಿದ್ದಾಗ ಒಟ್ಟು ತೂಕ ಹೆಚ್ಚಿಸುವುದೊಂದೇ ಗುರಿಯಾದರೆ ಒಬ್ಬನೇ ಎಲ್ಲವನ್ನೂ ಬಾಚಿಕೊಂಡು ಇನ್ನೊಬ್ಬ ಬರಿಗೈಯಾಗಬಹುದು. ಪಾಲು ನ್ಯಾಯವಾಗಿರಲಿ ಎಂದರೆ ಒಟ್ಟು ಫಲ ಕೊಂಚ ಕಡಿಮೆಯಾಗುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಸೂತ್ರಗಳಲ್ಲಿ ಬರೆದು ನೋಡಿದರು. ನಾಲೆಯ ನೀರು ಹಂಚುವ ನೀರಗಂಟಿಗೆ ಈ ಇಕ್ಕಟ್ಟು ಪುಸ್ತಕವಿಲ್ಲದೆಯೇ ಗೊತ್ತು. ಬದುವಿನ ಮೇಲೆ ನಿಂತು ಹಂಚುವವನನ್ನು ಮುಖ ನೋಡಿ ಬೈಯಬಹುದಿತ್ತು ಎನ್ನುವುದಷ್ಟೇ ವ್ಯತ್ಯಾಸ.

ಅಷ್ಟು ಹೊತ್ತಿಗೆ ನಾಸಾದ ಒಂದು ಹಳೆಯ ಉಪಗ್ರಹ ನೀರಗಂಟಿಯನ್ನೇ ಮೇಲಕ್ಕೆ ಕರೆಸಿಕೊಂಡಿತ್ತು. ಅರ್ತ್ ಅಬ್ಸರ್ವಿಂಗ್-1, ಚಿಕ್ಕದಾಗಿ ಇಒ-1. 2000ದ ನವೆಂಬರ್‌ನಲ್ಲಿ ಹಾರಿದ್ದು. ಒಂದು ವರ್ಷ ಬಾಳಿದರೆ ಸಾಕೆಂದು ಕಟ್ಟಿದ್ದು, 2017ರ ಮಾರ್ಚ್‌ವರೆಗೆ ಬಾಳಿತು. ಮೊದಲ ಕಾಲದಲ್ಲಿ ಇದಕ್ಕೂ ಒಂದು ಚಿತ್ರ ತೆಗೆಸಬೇಕೆಂದರೆ ಹತ್ತಾರು ಜನ ಕೂತು ವಾರದ ಪಟ್ಟಿ ಮಾಡಿ, ಆದೇಶಗಳನ್ನು ಸಾಲುಸಾಲಾಗಿ ಬರೆದು ಮೇಲಕ್ಕೆ ಕಳಿಸಬೇಕಿತ್ತು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಸ್ಟೀವ್ ಚಿಯೆನ್ ಮತ್ತು ಸಂಗಡಿಗರು ಯೋಜನೆ ಮಾಡುವ ತಂತ್ರಾಂಶವನ್ನೇ ಉಪಗ್ರಹದ ಒಳಗೆ ಕೂರಿಸಿದರು. ಒಳಗಿದ್ದ ಪ್ರಾಸೆಸರ್ 12 ಮೆಗಾಹರ್ಟ್ಸ್‌ನದು. ಇವತ್ತು ಯಾವ ಅಂಗಡಿಯಲ್ಲೂ ಅಷ್ಟು ನಿಧಾನದ ಮೊಬೈಲ್ ಸಿಗದು. ಅಷ್ಟರಲ್ಲೇ ಅದು ತೆಗೆದ ಚಿತ್ರವನ್ನು ತಾನೇ ಪರೀಕ್ಷಿಸಿ, ಮೋಡ ಎಷ್ಟಿದೆ, ನೀರು ಹರಡಿದೆಯೇ, ಹಿಮ ಕರಗಿದೆಯೇ, ಎಲ್ಲಾದರೂ ಕೆಂಡದಂಥ ಬಿಸಿಯಿದೆಯೇ ಎಂದು ನೋಡುತ್ತಿತ್ತು. 2004ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಬಾಯಲ್ಲಿ ಲಾವಾದ ಬಿಸಿ ಕಂಡದ್ದೇ, ಮುಂದೆ ಮಾಡಬೇಕಿದ್ದ ಕೆಲಸವನ್ನು ಬದಿಗೊತ್ತಿ, ಕೆಲವೇ ಗಂಟೆಗಳ ಬಳಿಕ ಮತ್ತೆ ಎರೆಬಸ್ ಕಡೆಗೇ ಕ್ಯಾಮೆರಾ ತಿರುಗಿಸಿತು. ನೆಲದಲ್ಲಿದ್ದ ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ.

ಅದಕ್ಕಿಂತ ಸ್ವಾರಸ್ಯದ್ದು ಕೆಳಗಿನ ಏರ್ಪಾಟು. ಟೆರ್ರಾ, ಆಕ್ವಾ ಎಂಬ ಬೇರೆ ಎರಡು ಉಪಗ್ರಹಗಳು ದಿನಾ ಭೂಮಿಯನ್ನೆಲ್ಲ ದಪ್ಪಗಣ್ಣಿನಲ್ಲಿ ನೋಡುತ್ತವೆ. ಎಲ್ಲಿ ಬಿಸಿ ಚುಕ್ಕೆ ಕಂಡಿತೆಂದು ಹವಾಯಿ ವಿಶ್ವವಿದ್ಯಾಲಯದ ಗಣಕ ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ಇನ್ನೊಂದು ತಂತ್ರಾಂಶ ಓದಿ, ಜ್ವಾಲಾಮುಖಿಯ ಹೆಸರಿಗೆ ಹೊಂದಿಸಿ, ಇಒ-1ಕ್ಕೆ ಕೋರಿಕೆ ಸಲ್ಲಿಸುತ್ತಿತ್ತು. ಯೋಜನೆಯ ತಂತ್ರಾಂಶ ಅದಕ್ಕೆ ಜಾಗ ಮಾಡಿಕೊಡುತ್ತಿತ್ತು. ಕೇಳಿದ್ದೂ ಯಂತ್ರ, ಒಪ್ಪಿದ್ದೂ ಯಂತ್ರ. ಬೆಳಗಾಗೆದ್ದು ಚಿತ್ರ ನೋಡಿದ್ದು ಮಾತ್ರ ಮನುಷ್ಯ. ಈಗ ಕಂಪನಿಗಳು ಮಾರುವ ‘ಒಂದು ಕ್ಲಿಕ್ಕಿನ ಟಾಸ್ಕಿಂಗ್’ ಇಲ್ಲಿ ಕಲಿತ ವಿದ್ಯೆಯ ಮರಿಮಗು ಎಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಶಾಲೆಯ ಮಕ್ಕಳ ಕೈಗೂ ಈ ಸರದಿ ತಲುಪಿದ್ದುಂಟು: ಗಗನಯಾತ್ರಿ ಸ್ಯಾಲಿ ರೈಡ್ ಆರಂಭಿಸಿದ ಅರ್ತ್‌ಕ್ಯಾಮ್ ಯೋಜನೆಯಲ್ಲಿ ಬಾಹ್ಯಾಕಾಶ ನಿಲ್ದಾಣದ ಕಿಟಕಿಯ ಕ್ಯಾಮೆರಾಕ್ಕೆ ಮಿಡಲ್ ಸ್ಕೂಲಿನ ಹುಡುಗ ಹುಡುಗಿಯರೇ ಕಕ್ಷೆ ನೋಡಿ, ಅಲ್ಲಿ ಹಗಲೋ ರಾತ್ರಿಯೋ ಲೆಕ್ಕ ಹಾಕಿ ಕೋರಿಕೆ ಕಳಿಸುತ್ತಿದ್ದರು.

ಇನ್ನು ನಮ್ಮದು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐ.ಆರ್.ಎಸ್.-1ಎ 22 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತಿತ್ತು, ಕ್ಯಾಮೆರಾ ನೆಟ್ಟನೋಟದ್ದು. 1995ರ ಡಿಸೆಂಬರ್‌ನಲ್ಲಿ ಹೋದ ಐ.ಆರ್.ಎಸ್.-1ಸಿ ಮೊದಲ ಸಲ ಕತ್ತು ತಿರುಗಿಸಿತು. ಅದರ 5.8 ಮೀಟರಿನ ಕಪ್ಪುಬಿಳುಪು ಕ್ಯಾಮೆರಾ 26 ಡಿಗ್ರಿ ಪಕ್ಕಕ್ಕೆ ವಾಲುತ್ತಿತ್ತು. ಆ ಹೊತ್ತಿಗೆ ನಾಗರಿಕ ಬಳಕೆಯ ಉಪಗ್ರಹಗಳಲ್ಲಿ ಅಷ್ಟು ಸೂಕ್ಷ್ಮವಾದದ್ದು ಲೋಕದಲ್ಲೇ ಇನ್ನೊಂದಿರಲಿಲ್ಲ. 2005ರಲ್ಲಿ ಕಾರ್ಟೊಸ್ಯಾಟ್-1, 2007ರಲ್ಲಿ ಕಾರ್ಟೊಸ್ಯಾಟ್-2, 2019ರ ನವೆಂಬರ್‌ನಲ್ಲಿ 25 ಸೆಂಟಿಮೀಟರ್ ಕಾಣುವ ಕಾರ್ಟೊಸ್ಯಾಟ್-3 ಹಾರಿದವು. ಬೇಡಿಕೆ ತೆಗೆದುಕೊಂಡು ಚಿತ್ರ ಕೊಡುವುದು ಹೈದರಾಬಾದಿನ ಎನ್.ಆರ್.ಎಸ್.ಸಿ.; ಡೇಟಾ ಇಳಿಯುವುದು ಅಲ್ಲೇ ಹತ್ತಿರದ ಶಾದನಗರದಲ್ಲಿ; ಉಪಗ್ರಹದ ಆರೋಗ್ಯ ನೋಡಿ ಆದೇಶ ಏರಿಸುವುದು ನಮ್ಮ ಪೀಣ್ಯದ ಇಸ್ಟ್ರ್ಯಾಕ್. ಕಾರ್ಖಾನೆಗಳ ಶೆಡ್ಡು, ಲಾರಿಗಳ ಸಾಲು ದಾಟಿ ಹೋಗುವ ಆ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಪೈಕಿ ಎಷ್ಟು ಜನಕ್ಕೆ ಗೊತ್ತೋ, ಆ ಗೋಡೆಯಾಚೆಯಿಂದ ಹೊರಟ ಒಂದು ಸಾಲಿನ ಆದೇಶಕ್ಕೆ ಐನೂರು ಕಿ.ಮೀ. ಮೇಲಿನ ಕ್ಯಾಮೆರಾ ಕತ್ತು ಹೊರಳಿಸುತ್ತದೆ ಎಂದು.

ಪಶ್ಚಿಮ ಘಟ್ಟದಲ್ಲಿ ಮಾತ್ರ ಎಂಥ ಸೂಕ್ಷ್ಮಗಣ್ಣಿಗೂ ಮಳೆಗಾಲ ಕುರುಡು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಜರಿದು ಊರುಗಳೇ ಕೊಚ್ಚಿಹೋದವು. ಎನ್.ಆರ್.ಎಸ್.ಸಿ. ಹೊರಬಿಟ್ಟ ಜೋಡಿ ಚಿತ್ರಗಳನ್ನು ಗಮನಿಸಿದವರಿಗೆ ಒಂದು ವಿಷಯ ಕಂಡಿರುತ್ತದೆ. ದುರಂತದ ಮುಂಚಿನದು ಕಾರ್ಟೊಸ್ಯಾಟ್-3 ತೆಗೆದ ಬಣ್ಣದ ಚಿತ್ರ, ದಿನಾಂಕ 2023ರ ಮೇ 22, ಬೇಸಿಗೆಯ ತಿಳಿ ಆಕಾಶದ್ದು. ನಂತರದ್ದು 2024ರ ಜುಲೈ 31ರದು, ರಿಸ್ಯಾಟ್ ಎಂಬ ರೇಡಾರ್ ಉಪಗ್ರಹದ್ದು, ಬೂದಿ ಬಣ್ಣದ್ದು. ಮೋಡದ ಮೂಲಕವೂ ನೋಡಬಲ್ಲದ್ದು ರೇಡಾರ್ ಮಾತ್ರ. 86,000 ಚದರ ಮೀಟರ್ ನೆಲ ಜರಿದಿದೆ, ಕೆಸರು 8 ಕಿ.ಮೀ. ಹರಿದಿದೆ ಎಂಬ ಲೆಕ್ಕ ಮರುದಿನದ ಆ ಚಿತ್ರದಿಂದಲೇ ಬಂತು. ಕೊಡಗು, ಮಲೆನಾಡು, ಉತ್ತರ ಕನ್ನಡದವರಿಗೆ ಆಕಾಶದ ಕಣ್ಣು ಅಗತ್ಯ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗಲೇ ಮಾಮೂಲಿ ಕ್ಯಾಮೆರಾಗಳಿಗೆ ರಜೆ. 2025ರ ಜುಲೈ 30ರಂದು, ವಯನಾಡಿನ ದುರಂತಕ್ಕೆ ಸರಿಯಾಗಿ ಒಂದು ವರ್ಷಕ್ಕೆ, ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದ ನೈಸಾರ್ ಶ್ರೀಹರಿಕೋಟದಿಂದ ಹಾರಿತು. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುವ ಇದೂ ರೇಡಾರೇ. ಮೊದಲೇ ಬರೆದಿಟ್ಟ ದಿನಚರಿಯಂತೆ ಓಡುವುದು ಇದರ ಕ್ರಮ. ವಿಪತ್ತು ಬಂದಾಗ ಮಾತ್ರ ದಿನಚರಿಯ ನಡುವೆ ತುರ್ತಿನ ಕೋರಿಕೆಗೆ ಜಾಗವಿದೆ. ನನ್ನ ಮಟ್ಟಿಗೆ ಈ ಕಾಲದ ಅತ್ಯಂತ ಸರಿಯಾದ ಮಾದರಿ ಇದು.

ಖಾಸಗಿಯವರ ಕಡೆಯಿಂದ ಬೆಂಗಳೂರಿನಲ್ಲೇ ಗಮನಿಸಬೇಕಾದ್ದು ಪಿಕ್ಸೆಲ್. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೇಜ್ ಅಹಮದ್ ಮತ್ತು ಕ್ಷಿತಿಜ್ ಖಂಡೇಲ್‌ವಾಲ್ ಕಾಲೇಜಿನಲ್ಲಿದ್ದಾಗಲೇ 2019ರಲ್ಲಿ ಕಟ್ಟಿದ ಕಂಪನಿ. ನೂರಕ್ಕೂ ಹೆಚ್ಚು ಬಣ್ಣದ ಪಟ್ಟಿಗಳಲ್ಲಿ ನೆಲವನ್ನು ನೋಡುವ ಅವರ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಹಾರಿದವು. ಇವೂ ಕೋರಿಕೆಯ ಮೇಲೆ ನೋಡುವ ಕಣ್ಣುಗಳೇ. ಅತ್ತ 2017ರ ಫೆಬ್ರವರಿ 15ರಂದು ನಮ್ಮ ಪಿ.ಎಸ್.ಎಲ್.ವಿ. ಒಂದೇ ಏಟಿಗೆ ಹೊತ್ತೊಯ್ದ 104 ಉಪಗ್ರಹಗಳಲ್ಲಿ 88 ಪ್ಲಾನೆಟ್ ಎಂಬ ಅಮೆರಿಕದ ಕಂಪನಿಯವು. ಅವರ ಉಪಾಯ ತದ್ವಿರುದ್ಧ. ಸಾಲುಗಟ್ಟಿ ಹಾರಿಸಿ, ಯಾರನ್ನೂ ಕೇಳದೆ ಭೂಮಿಯ ನೆಲವನ್ನೆಲ್ಲ ದಿನಾ ತೆಗೆಯುವುದು. ಎಲ್ಲಾದರೂ ಏನಾದರೂ ಕಂಡರೆ ಅಲ್ಲಿಗೆ ಚುರುಕುಗಣ್ಣಿನ ಇನ್ನೊಂದು ಉಪಗ್ರಹವನ್ನು ತಿರುಗಿಸುವುದು. ಸಂಶೋಧಕರಿಗೆ ಇನ್ನೂ ಒಂದು ಬಾಗಿಲಿದೆ. ಇಟಲಿಯ ಪ್ರಿಸ್ಮಾ, ಜರ್ಮನಿಯ ಎನ್‌ಮ್ಯಾಪ್ ಉಪಗ್ರಹಗಳಿಗೆ ವೈಜ್ಞಾನಿಕ ಉದ್ದೇಶವಿದ್ದರೆ ಯಾವ ದೇಶದವರೂ ನೋಂದಾಯಿಸಿಕೊಂಡು ದುಡ್ಡಿಲ್ಲದೆ ಕೋರಿಕೆ ಹಾಕಬಹುದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಹುಡುಗರು ಇದನ್ನು ಇನ್ನಷ್ಟು ಬಳಸಬೇಕು ಎನ್ನುವುದು ನನ್ನ ಆಸೆ.

ಈ ಎಲ್ಲ ಕಥೆಯಲ್ಲಿ ಯಂತ್ರದ ಜಾಣತನವನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ಅನುಮಾನ ಇರುವುದು ತೂಕದ ಅಂಕಣದ ಮೇಲೆ. ಯಾವ ಕೋರಿಕೆಗೆ ಎಷ್ಟು ತೂಕ ಎಂದು ಯಂತ್ರ ತಾನಾಗಿ ಹೇಳುವುದಿಲ್ಲ. ಅದನ್ನು ಬರೆದುಕೊಡುವವರು ಮನುಷ್ಯರು. ಹೆಚ್ಚು ಕೊಟ್ಟವನಿಗೆ ಹೆಚ್ಚು ತೂಕ, ಸೇನೆಗೆ ಅದಕ್ಕಿಂತ ಹೆಚ್ಚು. ನಮ್ಮ ಕೆರೆಯ ತೂಕ ಎಷ್ಟಿತ್ತೋ ನಮಗೆ ಯಾರೂ ಹೇಳಲಿಲ್ಲ. 2001ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಮೇಲೆ ಬಾಂಬ್ ಬೀಳುತ್ತಿದ್ದಾಗ ಅಮೆರಿಕದ ನಕ್ಷೆ ಸಂಸ್ಥೆ ಆ ನಾಡಿನ ಮೇಲೆ ಇಕೊನೋಸ್ ಉಪಗ್ರಹ ತೆಗೆಯುವ ಚಿತ್ರಗಳನ್ನೆಲ್ಲ ತಿಂಗಳಿಗೆ ಸುಮಾರು 19 ಲಕ್ಷ ಡಾಲರ್ ಕೊಟ್ಟು ತಾನೊಂದೇ ಕೊಂಡುಬಿಟ್ಟಿತು. ನಿಷೇಧದ ಆದೇಶವೇ ಬೇಕಾಗಲಿಲ್ಲ, ಚೆಕ್ ಸಾಕಾಯಿತು. 2022ರಲ್ಲಿ ಉಕ್ರೇನಿನ ಜನ ಚಂದಾ ಎತ್ತಿ ಫಿನ್‌ಲ್ಯಾಂಡಿನ ಐಸ್‌ಐ ಕಂಪನಿಯ ಒಂದು ರೇಡಾರ್ ಉಪಗ್ರಹದ ಬಳಕೆಯನ್ನೇ ತಮ್ಮ ಸೇನೆಗೆ ಕೊಂಡುಕೊಟ್ಟರು. 2025ರ ಮಾರ್ಚ್‌ನಲ್ಲಿ ಅಮೆರಿಕ ಸರಕಾರ ತನ್ನ ಮೂಲಕ ಉಕ್ರೇನಿಗೆ ಸಿಗುತ್ತಿದ್ದ ವಾಣಿಜ್ಯ ಚಿತ್ರಗಳನ್ನು ಕೆಲ ದಿನ ನಿಲ್ಲಿಸಿಯೂ ತೋರಿಸಿತು. ಕಕ್ಷೆ ಬದಲಾಗಲಿಲ್ಲ, ಕ್ಯಾಮೆರಾ ಕೆಡಲಿಲ್ಲ. ಬಾಗಿಲ ಚಿಲಕ ಯಾರ ಕಡೆಗಿದೆ ಎಂಬುದಷ್ಟೇ ಗೊತ್ತಾಯಿತು.

ಇದಕ್ಕೆ ಎದುರಾಗಿ ಹಿಡಿಯಬಹುದಾದ ಒಳ್ಳೆಯ ಉದಾಹರಣೆ ವಿಪತ್ತಿನ ಕಾಲದ ಅಂತರರಾಷ್ಟ್ರೀಯ ಚಾರ್ಟರ್. 2000ದ ನವೆಂಬರ್‌ನಿಂದ ನಡೆದಿದೆ, ಇಸ್ರೋ ಮರುವರ್ಷವೇ ಸೇರಿತು. ಪ್ರವಾಹ, ಭೂಕಂಪ, ಕಾಳ್ಗಿಚ್ಚು ಎಂದಾಗ ಒಪ್ಪಿತ ಸಂಸ್ಥೆಯೊಂದು ಕರೆ ಮಾಡಿದರೆ 24 ಗಂಟೆಯೂ ಎಚ್ಚರವಿರುವ ಒಬ್ಬ ಮನುಷ್ಯ ಫೋನ್ ಎತ್ತುತ್ತಾನೆ. ಕರೆ ನಿಜವೇ ಎಂದು ನೋಡಿ, ಸದಸ್ಯ ದೇಶಗಳ ಉಪಗ್ರಹಗಳಲ್ಲಿ ಯಾವುದು ಮೊದಲು ಅಲ್ಲಿಗೆ ತಲುಪುತ್ತದೆಂದು ಗೊತ್ತುಮಾಡಿಸಿ ಚಿತ್ರ ತೆಗೆಸುತ್ತಾರೆ. ದುಡ್ಡಿಲ್ಲ. ಇಲ್ಲಿ ತೂಕ ಕಟ್ಟುವುದು ಕಷ್ಟದ ಲೆಕ್ಕದಲ್ಲಿ. ಆದರೆ ಕರೆ ಮಾಡಬಲ್ಲವರು ದೇಶಮಟ್ಟದ ಸಂಸ್ಥೆಗಳು. ಗುಡ್ಡ ಬಿರುಕು ಬಿಟ್ಟಿದೆ ಎಂದು ಮೊದಲು ಕಾಣುವ ಪಂಚಾಯ್ತಿ ಸದಸ್ಯನಿಂದ ಆ ಫೋನಿನವರೆಗೆ ಎಷ್ಟು ಮೇಜುಗಳಿವೆ ಎಂದು ಎಣಿಸಿದರೆ, ಉಪಗ್ರಹ ತಿರುಗುವ ಸೆಕೆಂಡುಗಳನ್ನು ಉಳಿಸುವ ಗಣಿತದ ಮೇಲೆ ಕೊಂಚ ನಗು ಬರುತ್ತದೆ. ತಡವಾಗುತ್ತಿರುವುದು ಬಾನಿನಲ್ಲಲ್ಲ, ಫೈಲಿನಲ್ಲಿ.

ಮೋಡದ ಮಾತಿಗೆ ಮರಳಿದರೆ, ಅಲ್ಲಿ ನಿಜಕ್ಕೂ ಹೊಸದೊಂದು ನಡೆದಿದೆ. ಜಪಾನಿನ ಗೋಸ್ಯಾಟ್-2 ಮುಂದಿರುವ ಮೋಡವನ್ನು ಕಂಡು ತನ್ನ ನೋಟವನ್ನು ಸಂದಿಗೆ ಹೊರಳಿಸುತ್ತದೆ. 2025ರಲ್ಲಿ ಅದೇ ಸ್ಟೀವ್ ಚಿಯೆನ್ ತಂಡದವರು ಕಾಗ್ನಿಸ್ಯಾಟ್-6 ಎಂಬ ಪುಟ್ಟ ಉಪಗ್ರಹದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅದು ಮೊದಲು ಮುಂದಕ್ಕೆ ಬಾಗಿ, ತಾನು ಹಾಯಲಿರುವ ದಾರಿಯನ್ನು ಸುಮಾರು 500 ಕಿ.ಮೀ. ಮುಂಚೆಯೇ ನೋಡುತ್ತದೆ, ಎಲ್ಲಿ ಮೋಡ, ಎಲ್ಲಿ ತಿಳಿ ಎಂದು ಒಳಗೇ ಲೆಕ್ಕ ಹಾಕುತ್ತದೆ, ಅಲ್ಲಿಗೆ ತಲುಪುವ ಹೊತ್ತಿಗೆ ಕ್ಯಾಮೆರಾ ಎತ್ತ ಎಂದು ತೀರ್ಮಾನವಾಗಿರುತ್ತದೆ. ಇಷ್ಟಕ್ಕೆಲ್ಲ ಒಂದು, ಒಂದೂವರೆ ನಿಮಿಷ. ಬೀದರ್ ದಾಟುವಾಗ ಚಿತ್ರದುರ್ಗದ ಆಚೆಯ ಆಕಾಶ ನೋಡಿಕೊಂಡಂತೆ.

ಆ ಜಾಣತನ ನಮ್ಮ ಕೆರೆಗೆ ಒದಗಲಿಲ್ಲ. ಕಂಪನಿಯವರು ಹಾಗೂ ಹೀಗೂ ಅರ್ಧ ಬೆಲೆಗೆ ಇನ್ನೊಂದು ಚಿತ್ರ ಒಪ್ಪಿ, ಜನವರಿಯಲ್ಲಿ ತೆಗೆದು ಕಳಿಸಿದರು. ಆಕಾಶ ತೊಳೆದಿಟ್ಟಂತಿತ್ತು, ಒಂದು ಚೂರು ಮೋಡವಿಲ್ಲ. ಅಷ್ಟರಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಟ್ಟಾಗಿತ್ತು. ಪೂರ್ವದ ಅಂಚು ಒಣಗಿ, ಅಡಿಕೆ ಸಸಿಗಳು ಬುಡ ಕಾಣಿಸುತ್ತ ನಿಂತಿದ್ದವು. ಕೊನೆಗೆ ಒಂದು ರಾತ್ರಿ ಸೆಂಟಿನೆಲ್‌ನ ಹಳೆಯ ಕಡತ ತಿರುವುತ್ತ ಹೋದೆ. ನಮ್ಮ ಅರ್ಜಿ ಇನ್ನೂ ಸರದಿಯಲ್ಲಿದ್ದ ವಾರದ್ದೇ ಒಂದು ಚಿತ್ರ ಸಿಕ್ಕಿತು. ಯಾರೂ ಕೇಳಿರದ, ಯಾರೂ ಕಾಸು ಕೊಟ್ಟಿರದ ಚಿತ್ರ. ಒಂದೊಂದು ಪಿಕ್ಸೆಲ್ ಹತ್ತು ಮೀಟರ್. ನೀರಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಮೋಡ ಆ ದಿನ ಊರ ಪಶ್ಚಿಮಕ್ಕಿತ್ತು, ಕೆರೆಯ ಮೇಲಿರಲಿಲ್ಲ. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲಿನ ಡೈರಿಯ ಗೋಡೆಗೆ ಅಂಟಿಸಿದ್ದಾರೆ. ಬೆಳಗ್ಗೆ ಹಾಲು ಹಾಕಲು ಬಂದವರು, ಅಡಿಕೆ ನೆಟ್ಟವರೂ ಸೇರಿ, ಕ್ಯಾನು ಕೆಳಗಿಟ್ಟು ತಮ್ಮ ತಮ್ಮ ಬದು ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಾರೆ. ಪೂರ್ವದ ಅಂಚಿನ ಕಡೆ ಕಾಗದ ಆಗಲೇ ಸವೆದಿದೆ.